ಪರದೇಶಿಯ ಬೆನ್ನು ಹತ್ತಿ

ಸಾಗರದಿಂದ ಇಕ್ಕೇರಿಗೆ ಆರು ಕಿಲೋಮೀಟರ್. ಮನೆಗೆ ನೆಂಟರು ಬಂದರೆ ಮೊದಲ ದಿನ ಜೋಗ, ಎರಡನೆಯ ದಿನ ಇಕ್ಕೇರಿ ಮತ್ತು ಕೆಳದಿ, ಮೂರನೆಯ ದಿನ ಅವರನ್ನು ಬಸ್ಸು ಹತ್ತಿಸುವುದು. ಇದು ನಮ್ಮೂರಿನ ಎಲ್ಲ ಮನೆಗಳ ಕ್ರಮ. ಅಘೋರೇಶ್ವರನ ಗುಡಿಯ ಮುಂದೆ ನೆಂಟರನ್ನು ಸಾಲಾಗಿ ನಿಲ್ಲಿಸಿ ಎಷ್ಟು ಸಲ ಫೋಟೋ ತೆಗೆದಿದ್ದೇನೋ ಲೆಕ್ಕವಿಲ್ಲ. ಮೊದಲು ಅಪ್ಪನ ಆಗ್ಫಾ ಕ್ಲಿಕ್ ಕ್ಯಾಮೆರಾ ಇತ್ತು. ಒಂದು ರೀಲಿಗೆ ಹನ್ನೆರಡೇ ಚಿತ್ರ. ಹಾಗಾಗಿ ಒಂದೊಂದು ಚಿತ್ರಕ್ಕೂ ಅಪ್ಪ "ಅಲ್ಲಾಡಬೇಡಿ" ಎಂದು ಗದರಿ, ನಾವೆಲ್ಲ ಉಸಿರು ಬಿಗಿಹಿಡಿದು ನಿಂತು, ಕಡೆಗೆ ಎಲ್ಲರ ಮುಖವೂ ಪೊಲೀಸು ಠಾಣೆಯಲ್ಲಿ ತೆಗೆದ ಹಾಗೆ ಬರುತ್ತಿತ್ತು. ಆ ಚಿತ್ರಗಳಲ್ಲಿ ನೆಂಟರಿದ್ದಾರೆ, ಹಿಂದೆ ಗುಡಿಯಿದೆ. ಇಕ್ಕೇರಿ ಮಾತ್ರ ಇಲ್ಲ.

ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವಳು ನಾನು. ಕೆಳದಿಯ ಅರಸರಿಗೆ ಪಠ್ಯಪುಸ್ತಕದಲ್ಲಿ ಸಿಗುತ್ತಿದ್ದದ್ದು ಅರ್ಧ ಪುಟ. ಶಿವಪ್ಪನಾಯಕನ ಶಿಸ್ತು, ಚೆನ್ನಮ್ಮ ರಾಜಾರಾಮನಿಗೆ ಆಶ್ರಯ ಕೊಟ್ಟದ್ದು, ಹೈದರಾಲಿ 1763ರಲ್ಲಿ ಬಿದನೂರು ಹಿಡಿದದ್ದು; ಅಲ್ಲಿಗೆ ಗಂಟೆ ಹೊಡೆಯುತ್ತಿತ್ತು. ನಿವೃತ್ತಳಾದ ಮೇಲೆ ಗಂಟೆಯ ಕಾಟ ತಪ್ಪಿತು. ಮಗಳು ಹಳೆಯ ಇಂಗ್ಲಿಷ್ ಪುಸ್ತಕವೊಂದರ ಪುಟಗಳನ್ನು ಮುದ್ರಿಸಿ, ಎರಡು ಸಂಪುಟ ಮಾಡಿ, ದಾರದಲ್ಲಿ ಹೊಲಿಸಿ ಕಳಿಸಿದಳು. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮ್ ನಗರದ ಸಿರಿವಂತನೊಬ್ಬ ಇಂಡಿಯಾದಿಂದ ತನ್ನ ಗೆಳೆಯನಿಗೆ ಬರೆದ ಕಾಗದಗಳು ಅವು. 1664ರಲ್ಲಿ ಇಂಗ್ಲಿಷಿಗೆ ಬಂದು, 1892ರಲ್ಲಿ ಲಂಡನ್ನಿನ ಹಕ್ಲೂಯ್ಟ್ ಸೊಸೈಟಿಯಿಂದ ಟಿಪ್ಪಣಿಗಳೊಂದಿಗೆ ಮತ್ತೆ ಅಚ್ಚಾದವು. ಪರದೇಶದಿಂದ ಬಂದು ಹೋದವರ ಬರಹಗಳ ರುಚಿಯನ್ನು ಎಚ್.ಎಲ್. ನಾಗೇಗೌಡರ 'ಪ್ರವಾಸಿ ಕಂಡ ಇಂಡಿಯಾ' ಸಂಪುಟಗಳು ನನಗೆ ಮೊದಲೇ ಹತ್ತಿಸಿದ್ದವು. ಆದರೆ ಈ ಮನುಷ್ಯ ನಮ್ಮ ಬೀದಿಯಲ್ಲೇ ನಡೆದಾಡಿದವನು. 1623ರ ಅಕ್ಟೋಬರಿನಲ್ಲಿ ಗೋವಾ ಬಿಟ್ಟು, ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ಅಲ್ಲಿಂದ ಮತ್ತೆ ಘಟ್ಟ ಇಳಿದು ಬಸರೂರು, ಮಂಗಳೂರು, ಮಣೇಲು.

ನಾನು ಪುಸ್ತಕ ಓದಿ ಮುಗಿಸಿದ್ದು 2023ರ ಜನವರಿಯಲ್ಲಿ. ಅವನು ಬಂದು ಹೋಗಿ ಸರಿಯಾಗಿ ನಾನೂರು ವರ್ಷ. ಅವನು ಎಲ್ಲೆಲ್ಲಿ ಹೋದನೋ ಅಲ್ಲಲ್ಲಿಗೆ ಈ ವರ್ಷ ನಾನೂ ಹೋಗಿ, ಅವನಿಗೆ ಇಲ್ಲದಿದ್ದ ಕ್ಯಾಮೆರಾದಲ್ಲಿ ಚಿತ್ರ ತೆಗೆದುಕೊಂಡು ಬರುತ್ತೇನೆ ಎಂದು ಊಟಕ್ಕೆ ಕುಳಿತಾಗ ಹೇಳಿದೆ. ಮನೆಯವರು ಮಜ್ಜಿಗೆ ಹಾಕಿಸಿಕೊಳ್ಳುತ್ತ "ಆಗಲಿ" ಎಂದರು. ಅತ್ತೆಯವರು ಮಾತ್ರ, "ಮೆಟ್ಟಿಲು ಹತ್ತಿದರೆ ಮಂಡಿ ನೋವು ಅಂತೀಯ, ಘಟ್ಟ ಹತ್ತಕ್ಕೆ ಹೊರಟೆಯಲ್ಲೇ ಮಾರಾಯ್ತಿ" ಎಂದರು. ಒಬ್ಬಳೇ ಹೋಗುವುದು ಬೇಡ, ಜೊತೆಗೆ ನಾದಿನಿಯನ್ನು ಕರೆದುಕೊಂಡು ಹೋಗು ಎಂದವರೂ ಅವರೇ.

ನಾದಿನಿಯ ಗಂಡ 2021ರ ಮೇ ತಿಂಗಳಲ್ಲಿ ಕೊರೋನಾದಲ್ಲಿ ತೀರಿಹೋಗಿದ್ದರು. ಆಸ್ಪತ್ರೆಗೆ ಸೇರಿಸಿ ಬಂದವಳು ಮತ್ತೆ ಮುಖ ನೋಡಲಿಲ್ಲ. ಆಮೇಲೆ ಅವಳು ನಮ್ಮಲ್ಲೇ ಬಂದು ಇದ್ದಳು. ಕೆಲಸವೆಲ್ಲ ಮಾಡುತ್ತಾಳೆ, ಮಾತಿಗೆ ಮಾತು ಕೊಡುತ್ತಾಳೆ, ಗೇಟಿನಿಂದಾಚೆ ಮಾತ್ರ ಹೋಗುವುದಿಲ್ಲ. ಮದುವೆ, ಮುಂಜಿ ಅಂದರೆ "ನೀವು ಹೋಗಿ ಬನ್ನಿ ಅತ್ತಿಗೆ" ಎನ್ನುತ್ತಾಳೆ. ಹೀಗೆ ಎರಡು ವರ್ಷ ಆಗುತ್ತ ಬಂದಿತ್ತು. ಈ ತಿರುಗಾಟಕ್ಕೆ ಅವಳು ಒಪ್ಪಿದ್ದು ಏಕೆಂದು ನಾನು ಕೇಳಲಿಲ್ಲ. ಮದುವೆ ಮನೆಯಲ್ಲಿ ನಾಲ್ಕು ಜನ ನೋಡುತ್ತಾರೆ, ಕಾಡಿನಲ್ಲಿ ಯಾರೂ ನೋಡುವುದಿಲ್ಲ ಎಂದಿರಬಹುದು.

ವರ್ಷ ಪೂರ್ತಿ ತಿರುಗಿದೆವು ಎಂದರೆ ದಿನವೂ ತಿರುಗಿದೆವು ಎಂದಲ್ಲ. ಮಾವಿನ ಮಿಡಿಯ ಕಾಲ, ಹಪ್ಪಳ ಸಂಡಿಗೆಯ ಕಾಲ, ಅಡಿಕೆ ಸುಲಿಯುವ ಕಾಲ ಇವೆಲ್ಲ ಬಿಟ್ಟು ಉಳಿದ ದಿನಗಳು. ತಿಂಗಳಿಗೆ ಎರಡು ಸಲವಾದರೆ ಹೆಚ್ಚು. ಬೆಳಗಿನ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆ ವಾಪಸು. ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ ಎಂದಾದ ಮೇಲೆ ನಾದಿನಿ ಆಧಾರ್ ಕಾರ್ಡನ್ನು ಒಂದು ಪುಟ್ಟ ಬಟ್ಟೆಯ ಚೀಲಕ್ಕೆ ಹಾಕಿ ಕುತ್ತಿಗೆಗೇ ನೇತುಹಾಕಿಕೊಂಡಳು. ನಮ್ಮ ಕಡೆ ಖಾಸಗಿ ಬಸ್ಸೇ ಹೆಚ್ಚು. ಆದರೂ ಅವಳು ಸರ್ಕಾರಿ ಬಸ್ಸು ಬರುವ ತನಕ ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದಳು.

ಮೊದಲು ಹೋದದ್ದು ಗೇರುಸೊಪ್ಪೆಗೆ. ದೆಲ್ಲಾ ವಾಲ್ಲೆ ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲೆ ಬಂದ. ತಾನು ಕಂಡ ಅತ್ಯಂತ ಸುಂದರವಾದ ನದಿಗಳಲ್ಲಿ ಇದೂ ಒಂದು ಎಂದು ಬರೆದಿದ್ದಾನೆ. ಅವನು ತುರ್ಕಿ, ಈಜಿಪ್ಟ್, ಪರ್ಷಿಯ ಎಲ್ಲ ಸುತ್ತಿ ಬಂದವನು, ಸುಮ್ಮನೆ ಹೊಗಳುವವನಲ್ಲ. ಗೇರುಸೊಪ್ಪೆಯಲ್ಲಿ ಅವನಿಗೆ ಕಂಡದ್ದು ಹಾಳುಬಿದ್ದ ಊರು. ಅರಮನೆಯ ಮೇಲೆ ಮರಗಳು ಬೆಳೆದಿದ್ದವು. ಹದಿನೇಳು ವರ್ಷಗಳ ಹಿಂದಿನವರೆಗೆ, ಅಂದರೆ 1606ರವರೆಗೆ, ಅದು ಚೆನ್ನಭೈರಾದೇವಿಯ ಪಟ್ಟಣ. ಐವತ್ತನಾಲ್ಕು ವರ್ಷ ಆಳಿದವಳು. ಪೋರ್ಚುಗೀಸರು ಆಕೆಯನ್ನು ಕರೆಯುತ್ತಿದ್ದದ್ದು ಮೆಣಸಿನ ರಾಣಿ ಎಂದು. ಅವರ ಹಡಗುಗಳು ತುಂಬುತ್ತಿದ್ದದ್ದು ಆಕೆಯ ಸೀಮೆಯ ಕರಿಮೆಣಸಿನಿಂದ.

ಈಗ ಅಲ್ಲಿ ನೋಡಬೇಕಾದದ್ದು ನಗರಬಸ್ತಿಕೇರಿಯ ಚತುರ್ಮುಖ ಬಸದಿ. ಕಾಡಿನ ನಡುವೆ ಒಂಟಿಯಾಗಿ ನಿಂತಿದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ನಾಲ್ಕು ಕಡೆಗೂ ಮುಖಮಾಡಿದ ತೀರ್ಥಂಕರರು. ಯಾವ ಬಾಗಿಲಿನಿಂದ ಹೋದರೂ ಎದುರಿಗೆ ಸಿಗುತ್ತಾರೆ. ನಾವು ಹೋದಾಗ ಮಾರ್ಚಿಯ ಬಿಸಿಲು. ಎಲೆಯ ನೆರಳು ಕಲ್ಲಿನ ಮೇಲೆಲ್ಲ ಚುಕ್ಕೆ ಚುಕ್ಕೆಯಾಗಿ ಬಿದ್ದು ಒಂದು ಚಿತ್ರವೂ ಸರಿ ಬರಲಿಲ್ಲ. ಮೂವತ್ತು ಚಿತ್ರ ತೆಗೆದರೆ ಮೂವತ್ತೂ ಚಿರತೆಯ ಚರ್ಮ! ಕ್ಯಾಮೆರಾ ಮಗನದು, ಅವನು ಹೊಸದು ಕೊಂಡ ಮೇಲೆ ನನಗೆ ಬಂದದ್ದು. ರೀಲಿನ ಹಂಗಿಲ್ಲದ್ದರಿಂದ ಕೈಗೆ ಕಡಿವಾಣವೂ ಇಲ್ಲ.

ಅಲ್ಲಿಯೇ ಜಗಲಿಯ ಮೇಲೆ ಕುಳಿತು ನಾದಿನಿಗೆ ದೆಲ್ಲಾ ವಾಲ್ಲೆ ಬರೆದ ಕಥೆ ಹೇಳಿದೆ. ಈ ರಾಣಿ ಯಾವನೋ ಕೀಳು ಪರಸ್ಥಳದವನನ್ನು ಮೋಹಿಸಿ, ರಾಜ್ಯವನ್ನೆಲ್ಲ ಅವನ ಕೈಗಿಟ್ಟು, ಅವನು ತಿರುಗಿಬಿದ್ದು, ಹಾಗಾಗಿ ರಾಜ್ಯ ಹೋಯಿತು ಎಂದು ಅವನಿಗೆ ಹೇಳಿದ್ದರು. ನಾದಿನಿ ಕೇಳಿದಳು: "ಐವತ್ತನಾಲ್ಕು ವರ್ಷ ಆಳಿದಳು ಅಂದಿರಲ್ಲ. ಅಷ್ಟೂ ವರ್ಷ ಮೆಣಸು ಮಾರಿದ್ದು ಯಾರಂತೆ?"

ಚರಿತ್ರೆಯ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆ ಅದೇ. ನಾನು ಇನ್ನೊಂದು ಪ್ರಶ್ನೆ ಸೇರಿಸುತ್ತೇನೆ: ಅವನಿಗೆ ಈ ಕಥೆ ಹೇಳಿದವರು ಯಾರು? ಅವನು ಬಂದದ್ದು ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ, ಕೆಳದಿಯ ವೆಂಕಟಪ್ಪನಾಯಕನನ್ನು ಕಾಣಲು. ದಾರಿಯಲ್ಲಿ ಜೊತೆಗಿದ್ದವನು ವೆಂಕಟಪ್ಪನ ಕಡೆಯ ರಾಯಭಾರಿ ವಿಠಲ ಶೆಣೈ. ಚೆನ್ನಭೈರಾದೇವಿಯ ರಾಜ್ಯವನ್ನು ಕಿತ್ತುಕೊಂಡದ್ದು ಅದೇ ವೆಂಕಟಪ್ಪ. ಗೆದ್ದವರ ಬಂಡಿಯಲ್ಲಿ ಕುಳಿತು ಸೋತವರ ಊರು ನೋಡಿದರೆ ಕೇಳಿಸುವ ಮಾತು ಇನ್ನು ಎಂಥದ್ದು? ಗಂಡಸರು ಸೋತರೆ ಸೈನ್ಯ ಸಾಲಲಿಲ್ಲ, ಮಂತ್ರಿ ದ್ರೋಹ ಬಗೆದ ಎನ್ನುತ್ತಾರೆ. ಹೆಂಗಸು ಸೋತರೆ ಶೀಲದ ಮಾತೇ ಮೊದಲು. ಹದಿನೇಳೇ ವರ್ಷದಲ್ಲಿ ಅರಮನೆಯ ಮೇಲೆ ಮರ ಬೆಳೆದಿತ್ತು, ರಾಣಿಯ ಮೇಲೆ ಕಥೆ ಬೆಳೆದಿತ್ತು.

ಹಳೆಯ ಘಟ್ಟದ ದಾರಿ ಈಗ ಅಭಯಾರಣ್ಯದೊಳಗೆ ಸೇರಿಹೋಗಿದೆ. ಅನುಮತಿಯಿಲ್ಲದೆ ಒಳಗೆ ಹೋಗುವಂತಿಲ್ಲ. ನಾವು ಹೆದ್ದಾರಿಯಲ್ಲೇ ಬಸ್ಸಿಳಿದು ಮಾಲೆಮನೆ ಘಟ್ಟದಲ್ಲಿ ನಾಲ್ಕೈದು ಕಿಲೋಮೀಟರು ನಡೆದು ತೃಪ್ತಿಪಟ್ಟುಕೊಂಡೆವು. ಮುಂದಿನ ತಿರುವಿನಲ್ಲಿ ಲಾರಿ ಬಂದೀತೆಂಬ ಹೆದರಿಕೆ ಒಂದಾದರೆ, ಮರದ ಮೇಲಿಂದ ಸಿಂಗಳೀಕ ಬುತ್ತಿ ಕಿತ್ತುಕೊಂಡೀತೆಂಬ ಹೆದರಿಕೆ ಇನ್ನೊಂದು. ಮಂಡಿ ನೋಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮನೆಯ ಮೆಟ್ಟಿಲಿನಲ್ಲಿ ನೋಯುವ ಹಾಗೆ ನೋಯಲಿಲ್ಲ. ಈ ಕಾಡನ್ನು ದೆಲ್ಲಾ ವಾಲ್ಲೆ ತನ್ನೂರಿನ ಆಪೆನ್ನೈನ್ ಬೆಟ್ಟಗಳಿಗೆ ಹೋಲಿಸಿದ್ದಾನೆ, ಅದಕ್ಕಿಂತ ಇದೇ ಚೆಲುವು ಎಂದಿದ್ದಾನೆ. ಆಪೆನ್ನೈನ್ ನಾನು ನೋಡಿಲ್ಲ, ನಂಬಿದೆ.

ಘಟ್ಟದ ಮೇಲಿನ ಹನುಮಂತನ ಗುಡಿಯಲ್ಲಿ ಸಾಮಾನು ಹೊರಿಸುವುದು ತಡವಾದಾಗ ಅವನು ಜಗಲಿಯಲ್ಲಿ ಕಂಡದ್ದನ್ನು ಮಾತ್ರ ನಾನು ಕಣ್ಣಾರೆ ಕಂಡ ಹಾಗಾಗಿದೆ. ನಾಲ್ಕು ಹುಡುಗರು ಕುಳಿತು ಲೆಕ್ಕ ಕಲಿಯುತ್ತಿದ್ದರಂತೆ. ನೆಲದ ಮೇಲೆ ನಯವಾದ ಮರಳು ಹರಡಿದೆ. ಒಬ್ಬ ರಾಗವಾಗಿ ಹೇಳುತ್ತಾನೆ, ಹೇಳುತ್ತ ಬೆರಳಿನಲ್ಲಿ ಮರಳಿನ ಮೇಲೆ ಅಂಕಿ ಬರೆಯುತ್ತಾನೆ, ಉಳಿದ ಮೂವರು ಅದೇ ರಾಗದಲ್ಲಿ ಹೇಳಿ ಬರೆಯುತ್ತಾರೆ. ನೆಲ ತುಂಬಿದರೆ ಅಳಿಸಿ ಹೊಸ ಮರಳು. ಮೇಷ್ಟ್ರು ಇಲ್ಲ. ಮರೆತರೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ, ನಾಲ್ವರೂ ಒಂದೇ ಕಡೆ ಮರೆಯುವುದು ಸಾಧ್ಯವೇ ಇಲ್ಲ, ಒಬ್ಬರನ್ನೊಬ್ಬರು ತಿದ್ದುತ್ತೇವೆ ಎಂದರಂತೆ. ಒಂದೊಂದ್ಲ ಒಂದು, ಒಂದೆರಡ್ಲ ಎರಡು ಎಂದು ಇಪ್ಪತ್ತೊಂಬತ್ತು ವರ್ಷ ಪಕ್ಕದ ತರಗತಿಯಿಂದ ಕೇಳಿಸಿಕೊಂಡವಳಿಗೆ ಆ ರಾಗ ಯಾವುದೆಂದು ಯಾರೂ ಹೇಳಬೇಕಾಗಿಲ್ಲ. ನಾಲ್ವರಲ್ಲಿ ಒಬ್ಬಳೂ ಹುಡುಗಿಯಿಲ್ಲ ಎಂಬುದನ್ನು ಅವನು ಗಮನಿಸಿಲ್ಲ. ಅವನ ಊರಿನಲ್ಲೂ ಪರಿಸ್ಥಿತಿ ಅಷ್ಟಕ್ಕಷ್ಟೇ ಇದ್ದೀತು.

ಹುಡುಗಿಯರು ಎಲ್ಲಿದ್ದರು ಎಂದು ಅವನೇ ಇನ್ನೊಂದು ಕಡೆ ಹೇಳಿದ್ದಾನೆ. ಇಳಿದುಕೊಂಡ ಮನೆಯ ನೆಲ ಸಗಣಿಯಲ್ಲಿ ಸಾರಿಸಿ ನುಣ್ಣಗಿದ್ದದ್ದು ಅವನಿಗೆ ಬಹಳ ಹಿಡಿಸಿತು. ಪ್ಲೇಗಿಗೆ ಒಳ್ಳೆಯದಂತೆ, ಇಟಲಿಗೆ ಹೋದ ಮೇಲೆ ಮಾಡಿಸಿ ನೋಡಬೇಕು ಎಂದು ಬರೆದುಕೊಂಡಿದ್ದಾನೆ. ಇದನ್ನು ಓದಿ ಹೇಳಿದಾಗ ಅತ್ತೆಯವರು ಆ ಇಡೀ ವರ್ಷದಲ್ಲಿ ಮೊದಲ ಸಲ ನನ್ನ ಪರದೇಶಿಯ ಬಗ್ಗೆ ಒಳ್ಳೆಯ ಮಾತಾಡಿದರು. "ಸಾರಿಸುವವರು ಯಾರು ಅಂತ ವಿಚಾರಿಸಿದನಾ?" ಎಂದೂ ಕೇಳಿದರು. ವಿಚಾರಿಸಿಲ್ಲ.

ಇಕ್ಕೇರಿ ಆಗ ರಾಜಧಾನಿ. ಈಗ ಉಳಿದಿರುವುದು ಗುಡಿ ಮಾತ್ರ. ಅರಮನೆ ಮಣ್ಣು ಮತ್ತು ಮರದ್ದು, ಮಳೆಯ ಸೀಮೆಯಲ್ಲಿ ಅದು ನಿಲ್ಲುವುದೆಂತು? ಅವನು ಓಡಾಡಿದ ಉದ್ದನೆಯ ಬೀದಿಗಳು ತೋಟ, ಗದ್ದೆಗಳಾಗಿವೆ. ಅಘೋರೇಶ್ವರನ ನವರಂಗದ ನೆಲದ ಮೇಲೆ ಅಡ್ಡಬಿದ್ದಿರುವ ಮೂವರು ಅರಸರ ಗೆರೆಚಿತ್ರಗಳಿವೆ, ನೀವೂ ನೋಡಿರಬಹುದು. ಗೊತ್ತಿಲ್ಲದೆ ಮೇಲೆ ಕಾಲಿಟ್ಟು ದಾಟಿಯೂ ಇರಬಹುದು. ಭಕ್ತರು ತುಳಿಯಲಿ ಎಂದೇ ಅಲ್ಲಿ ಕೆತ್ತಿಸಿಕೊಂಡದ್ದು ಎನ್ನುತ್ತಾರೆ. ಜುಲೈ ತಿಂಗಳ ಮಳೆಯಲ್ಲಿ ಹೋದಾಗ ಗುಡಿಯಲ್ಲಿ ನಾವಿಬ್ಬರೇ. ಕಾಲಿಗೆ ಹತ್ತಿದ ಉಂಬಳಗಳನ್ನು ಸುಣ್ಣ ಹೊಗೆಸೊಪ್ಪು ಹಚ್ಚಿ ಬಿಡಿಸಿಕೊಂಡು, ಒದ್ದೆ ಕಲ್ಲಿನ ಚಿತ್ರ ತೆಗೆದೆ. ಒದ್ದೆಯಾದಾಗ ಕಣಶಿಲೆಯ ಬಣ್ಣವೇ ಬೇರೆ. ಒಣಗಿದಾಗ ಬೂದಿ, ನೆನೆದಾಗ ನವಿಲಿನ ಕುತ್ತಿಗೆ.

ಇದೇ ಬೀದಿಗಳಲ್ಲಿ ನವೆಂಬರ್ ತಿಂಗಳ ರಾತ್ರಿ ಅವನು ಹುಡುಗಿಯರ ಗುಂಪುಗಳನ್ನು ಕಂಡ. ಚೆನ್ನಾಗಿ ಉಟ್ಟು ತೊಟ್ಟು, ಕೈಯಲ್ಲಿ ಗೇಣುದ್ದದ ಬಣ್ಣದ ಕೋಲು ಹಿಡಿದು, ಹಾಡುತ್ತ, ಒಂದಕ್ಕೊಂದು ಬಡಿಯುತ್ತ ಸುತ್ತು ಕುಣಿಯುತ್ತಿದ್ದರು. ಗೌರಿಯ ಹಬ್ಬ, ಅದಕ್ಕೇ ಹುಡುಗಿಯರು ಆಚರಿಸುತ್ತಾರೆ ಎಂದು ಯಾರೋ ಹೇಳಿದರು. ಕೋಲಾಟ ಎಂಬ ಶಬ್ದ ಅವನಿಗೆ ಗೊತ್ತಿಲ್ಲ, ಗೊತ್ತಿಲ್ಲದ್ದರಿಂದಲೇ ಅಷ್ಟು ವಿವರವಾಗಿ ಬರೆದ. ನಮ್ಮ ಅರಸರ ಶಾಸನಗಳಲ್ಲಿ ದಾನ ಕೊಟ್ಟ ಗದ್ದೆಯ ನಾಲ್ಕು ದಿಕ್ಕಿನ ಎಲ್ಲೆ ಸಿಗುತ್ತದೆ. ಆ ಗದ್ದೆಯಲ್ಲಿ ಸಸಿ ನೆಟ್ಟ ಹುಡುಗಿ ಹಬ್ಬದ ರಾತ್ರಿ ಏನು ಹಿಡಿದು ಕುಣಿದಳು ಎಂಬುದು ಸಿಗಬೇಕಾದರೆ ರೋಮಿನವನೊಬ್ಬ ಬರಬೇಕಾಯಿತು.

ಈಗ ಹೇಳಬೇಕಾದದ್ದನ್ನು ನಾದಿನಿಗೆ ಹೇಳುವುದೋ ಬೇಡವೋ ಎಂದು ನಾನು ತಿಂಗಳುಗಟ್ಟಲೆ ತಡೆದಿದ್ದೆ.

ಇಕ್ಕೇರಿಯ ಬೀದಿಯಲ್ಲಿ ಅವನು ಇನ್ನೊಬ್ಬ ಹೆಂಗಸನ್ನು ಕಂಡ. ಕುದುರೆಯ ಮೇಲೆ ಕುಳಿತು ಬರುತ್ತಿದ್ದಳು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು. ಕನ್ನಡಿ ನೋಡಿಕೊಳ್ಳುತ್ತ ದುಃಖದ ರಾಗದಲ್ಲಿ ಏನೋ ಹಾಡುತ್ತಿದ್ದಳು. ಗಂಡ ಸತ್ತಿದ್ದಾನೆ, ಇವಳು ಬೆಂಕಿಗೆ ಹೋಗುವವಳು ಎಂದರು. ದೆಲ್ಲಾ ವಾಲ್ಲೆ ಆಮೇಲೆ ಅವಳ ಮನೆ ಹುಡುಕಿಕೊಂಡು ಹೋದ. ಮೂವತ್ತರ ಆಸುಪಾಸಿನ ಎತ್ತರದ ಹೆಂಗಸು, ಮೈಕಟ್ಟು ಚೆನ್ನಾಗಿತ್ತು, ತಲೆತುಂಬ ಹೂವು. ತೆಲುಗಿನವಳು. ಗಂಡ ಡೋಲು ಬಾರಿಸುವವನು. ಸತ್ತು ಹತ್ತೊಂಬತ್ತು ದಿನವಾಗಿತ್ತು. ಅವನಿಗೆ ಇನ್ನಿಬ್ಬರು ಹೆಂಡಿರಿದ್ದರು, ಅವರು ಸಾಯಲು ಒಪ್ಪಿರಲಿಲ್ಲ. ಅವಳಿಗೆ ಚಿಕ್ಕ ಮಕ್ಕಳಿದ್ದರು. ಯಾರಾದರೂ ಬಲವಂತ ಮಾಡಿದ್ದಾರೆಯೇ ಎಂದು ಅವನು ಕೇಳಿದ. ಇಲ್ಲ, ನನ್ನ ಇಷ್ಟ ಎಂದಳು. ಬೇಡ ಎಂದು ಬಹಳ ಹೇಳಿದ, ಕೇಳಲಿಲ್ಲ. ಕಡೆಗೆ, ನನ್ನ ಲೇಖನಿಯ ಶಕ್ತಿ ಇದ್ದಷ್ಟರಮಟ್ಟಿಗೆ ನಿನ್ನ ಹೆಸರು ಲೋಕದಲ್ಲಿ ಉಳಿಯುವ ಹಾಗೆ ಮಾಡುತ್ತೇನೆ ಎಂದು ಮಾತು ಕೊಟ್ಟು ಬಂದ. ಇಟಾಲಿಯನ್ ಅಕ್ಷರದಲ್ಲಿ ಅವನು ಬರೆದಿರುವ ಹೆಸರನ್ನು ಬಾಯಿಬಿಟ್ಟು ಓದಿದರೆ ಜಾಕ್ಕಮಾ ಎಂದಾಗುತ್ತದೆ. ನಮ್ಮ ಜಕ್ಕಮ್ಮ.

ಬೇಡ ಎಂದು ಹೇಳಿದ ಈ ಮನುಷ್ಯನೂ ದುಃಖ ತಿಂದವನೇ. ಬಾಗ್ದಾದಿನಲ್ಲಿ ಪ್ರೀತಿಸಿ ಮದುವೆಯಾದ ಮಾನಿ ಎಂಬ ಹುಡುಗಿ 1621ರಲ್ಲಿ ಪರ್ಷಿಯದ ದಾರಿಯಲ್ಲಿ ಜ್ವರದಿಂದ ತೀರಿಹೋಗಿದ್ದಳು. ಅವಳ ದೇಹ ಕೆಡದ ಹಾಗೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಮುಟ್ಟಲು ಒಪ್ಪದ ಹಡಗಿನವರಿಂದ ಅಡಗಿಸಿ, ನಾಲ್ಕು ವರ್ಷಕ್ಕೂ ಮೇಲೆ ಹೊತ್ತು ತಿರುಗಿ, ಕಡೆಗೆ ರೋಮಿನಲ್ಲಿ ತನ್ನ ಮನೆತನದ ಸಮಾಧಿಯಲ್ಲಿಟ್ಟ. ಗಂಡಸು ಹೆಂಡತಿಯ ದುಃಖವನ್ನು ಹೊತ್ತು ದೇಶ ನೋಡಬಹುದು. ಜಕ್ಕಮ್ಮನಿಗೆ ಆ ದಾರಿಯಿರಲಿಲ್ಲ.

ಸೆಪ್ಟೆಂಬರಿನ ಒಂದು ಸಂಜೆ, ಸಾಗರದಿಂದ ಸ್ವಲ್ಪ ದೂರದ ಹಳ್ಳಿಯೊಂದರ ಗದ್ದೆಯ ಬದುವಿನ ಮೇಲೆ ಮಾಸ್ತಿಕಲ್ಲಿನ ಚಿತ್ರ ತೆಗೆಯುತ್ತಿದ್ದೆವು. ನಮ್ಮ ಸೀಮೆಯಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳಿಗೆ ಬರವಿಲ್ಲ. ನಡುಹಗಲಿನಲ್ಲಿ ತೆಗೆದರೆ ಕೆತ್ತನೆ ಕಾಣುವುದಿಲ್ಲ. ಹೊತ್ತು ಇಳಿದು ಬೆಳಕು ಪಕ್ಕದಿಂದ ಬೀಳಬೇಕು. ಕೆಲವರು ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತಿಕ್ಕುತ್ತಾರೆ, ಕಲ್ಲಿಗೆ ಅದು ಒಳ್ಳೆಯದಲ್ಲ. ಹೊತ್ತು ಇಳಿಯುವ ತನಕ ಕಾಯುವುದೇ ಲೇಸು. ಕಾದೆವು. ಬೆಳಕು ಓರೆಯಾದ ಹಾಗೆ ಕಂಬದಿಂದ ಹೊರಚಾಚಿದ ತೋಳು ಎದ್ದು ಬಂತು. ಮೊಣಕೈ ಮಡಚಿ ಮೇಲೆತ್ತಿದ ಕೈ, ಕೈತುಂಬ ಬಳೆ, ಹೆಬ್ಬೆರಳಿನ ಸಂದಿನಲ್ಲಿ ಉರುಟಾದದ್ದೊಂದು. ಎಷ್ಟೋ ಕಲ್ಲುಗಳಲ್ಲಿ ನೋಡಿದ್ದೇ. ನಿಂಬೆಹಣ್ಣು ಎಂದು ಪುಸ್ತಕದಲ್ಲಿ ಓದಿ ತರಗತಿಯಲ್ಲಿ ಹೇಳಿದ್ದೂ ಹೌದು. ಆ ದಿನ ಅದು ಗುರುತಿನ ಚಿಹ್ನೆಯಾಗಿ ಕಾಣಲಿಲ್ಲ. ಒಬ್ಬಳು ಕುದುರೆಯ ಮೇಲೆ ಕುಳಿತು ಬೆವರಿದ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ ಹಣ್ಣು ಅದು. ಗದ್ದೆಯಾಚೆಯ ಮನೆಯ ಅಜ್ಜಿ ಬಂದು, "ನಮ್ಮ ಮಾಸ್ತ್ಯಮ್ಮ. ದೀಪ ಇಡ್ತೀವಿ" ಎಂದರು. ಯಾರು ಏನು ಎಂದರೆ ಗೊತ್ತಿಲ್ಲ. ಹೆಸರಿಲ್ಲ.

ವಾಪಸು ಬರುತ್ತ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ನಾದಿನಿಗೆ ಜಕ್ಕಮ್ಮನ ಕಥೆ ಹೇಳಿದೆ. 1057ರ ಬೆಳತೂರಿನ ಶಾಸನದ ದೇಕಬ್ಬೆಯ ಕಥೆಯನ್ನೂ ಹೇಳಿದೆ. ಅವಳಿಗೂ ಹೆತ್ತವರು ಬೇಡ ಬೇಡ ಎಂದು ಅತ್ತು ಹೇಳಿದ್ದರು. ಅವಳು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹತ್ತೊಂಬತ್ತು ದಿನಕ್ಕೆ ಏನು ಗೊತ್ತಾಗುತ್ತೆ ಅತ್ತಿಗೆ?" ಎಂದಳು. "ನನಗೆ ಹತ್ತೊಂಬತ್ತನೇ ದಿನ ಯಾರಾದರೂ ಬಾ ಅಂದಿದ್ದರೆ ಹೋಗ್ತಿದ್ದೆ. ನನ್ನ ಇಷ್ಟ ಅಂತಲೇ ಹೇಳ್ತಿದ್ದೆ. ಒಂದು ಮಳೆಗಾಲ ಕಳೀಬೇಕು. ಆಮೇಲೆ ಕೇಳಬೇಕು ಇಷ್ಟ ಏನು ಅಂತ."

ಸತಿಯ ವಿಷಯದಲ್ಲಿ ನಾನು ಓದಿದ ಪುಸ್ತಕಗಳು ಕಡ್ಡಿಯೇನಲ್ಲ. ಸ್ವಇಚ್ಛೆಯೋ ಬಲವಂತವೋ ಎಂದು ಬ್ರಿಟಿಷರು 1829ರಲ್ಲಿ ಕಾಯಿದೆ ಮಾಡುವ ಮುಂಚೆಯೂ ವಾದವಿತ್ತು, 1987ರಲ್ಲಿ ರಾಜಸ್ಥಾನದ ರೂಪ್ ಕಂವರ್ ಸತ್ತಾಗಲೂ ಇತ್ತು. ಆ ವಾದದಲ್ಲೆಲ್ಲ ಈ ಒಂದು ಮಾತು ನನಗೆ ಸಿಕ್ಕಿರಲಿಲ್ಲ.

ಬಸರೂರು, ಕದ್ರಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬಸರೂರು ಒಂದು ಕಾಲದ ದೊಡ್ಡ ಬಂದರು, ಈಗ ಗುಡಿಗಳ ಊರು. ಅಲ್ಲಿ ಮಧ್ಯಾಹ್ನ ನಮಗೆ ಒಳ್ಳೆಯ ಊಟ ಸಿಕ್ಕಿತು, ಒಳ್ಳೆಯ ಬೆಳಕು ಸಿಗಲಿಲ್ಲ. ಕದ್ರಿಯಲ್ಲಿ ದೆಲ್ಲಾ ವಾಲ್ಲೆ ಜೋಗಿಗಳ ಅರಸನನ್ನು ಕಾಣಲು ಹೋಗಿದ್ದ. ನಾವು ಮಂಜುನಾಥನ ಗುಡಿಯಲ್ಲಿ 968ರ ಲೋಕೇಶ್ವರನ ಕಂಚಿನ ವಿಗ್ರಹ ನೋಡಿ ಕೈಮುಗಿದೆವು. ಅದರ ಮುಖದ ಶಾಂತಿಯನ್ನು ಬರೆಯುವುದು ನನ್ನ ಕೈಲಾಗುವ ಕೆಲಸವಲ್ಲ.

ನನಗೆ ಹೋಗಬೇಕಾಗಿದ್ದದ್ದು ಮಣೇಲಿಗೆ. ಅವನು ಅಲ್ಲಿಗೆ ಹೋದದ್ದು ಡಿಸೆಂಬರಿನಲ್ಲಿ, ನಾವೂ ಡಿಸೆಂಬರಿನಲ್ಲೇ ಹೋದೆವು. ಮಂಗಳೂರಿನಿಂದ ಗುರುಪುರ ದಾಟಿ ಹೋದರೆ ಸಿಗುವ ಮಳಲಿಯ ಕಡೆಯೇ ಅವನ ಮಣೇಲು ಎನ್ನುತ್ತಾರೆ. ಅವನು ಅಲ್ಲಿಗೆ ಹೋದದ್ದು ಉಳ್ಳಾಲದ ರಾಣಿಯನ್ನು ನೋಡುವುದಕ್ಕೇ. ಚೌಟರ ಅಬ್ಬಕ್ಕದೇವಿ. ಪೋರ್ಚುಗೀಸರನ್ನು ಎದುರಿಸಿದ ಅಬ್ಬಕ್ಕ ಒಬ್ಬಳಲ್ಲ, ಒಬ್ಬರ ನಂತರ ಒಬ್ಬರು ಇದ್ದರು ಎಂದು ಚರಿತ್ರಕಾರರು ಹೇಳುತ್ತಾರೆ, ಇವಳು ಆಮೇಲಿನವಳು. ಅಳಿಯಸಂತಾನದ ಸೀಮೆ ಅದು. ಆಳುವ ಹಕ್ಕು ತಾಯಿಯ ಕಡೆಯಿಂದ ಬರುತ್ತದೆ. ಗಂಡ ಬಂಗರಸನೊಡನೆ ಜಗಳವಾಗಿ, ಅವನು ಕೊಟ್ಟ ಒಡವೆಗಳನ್ನು ವಾಪಸು ಕಳಿಸಿ, ವೆಂಕಟಪ್ಪನಾಯಕನ ಸಹಾಯ ಪಡೆದು ಅವನ ಮೇಲೆ ಯುದ್ಧ ಮಾಡಿದವಳು. ಇವಳ ಬಗ್ಗೆಯೂ ದೆಲ್ಲಾ ವಾಲ್ಲೆಗೆ ಗಾಳಿಮಾತು ಮುಟ್ಟಿತ್ತು. ಹಿರಿಯ ಮಗನಿಗೆ ವಿಷ ಹಾಕಿಸಿದಳಂತೆ ಎಂಬುದನ್ನೂ ಬರೆದಿದ್ದಾನೆ. ಗೇರುಸೊಪ್ಪೆಯಲ್ಲಿ ಮಾಡಿದ ಹಾಗೆ ಅಷ್ಟಕ್ಕೇ ನಿಲ್ಲಿಸಿದ್ದರೆ ನಮಗೆ ಇನ್ನೊಬ್ಬ ಕೆಟ್ಟ ರಾಣಿ ಸಿಗುತ್ತಿದ್ದಳು, ಅಷ್ಟೇ. ಆದರೆ ಇಲ್ಲಿ ಅವನು ಅವಳನ್ನು ಕಣ್ಣಾರೆ ಕಂಡ.

ಪೇಟೆಯ ಬೀದಿಯಲ್ಲಿ ಎದುರಿಗೇ ಬಂದಳು. ಪಲ್ಲಕ್ಕಿಯಿಲ್ಲ, ಕುದುರೆಯಿಲ್ಲ. ಬರಿಗಾಲು. ಸೊಂಟಕ್ಕೆ ದಪ್ಪ ಬಿಳಿ ಬಟ್ಟೆ. ಮೇಲೆ ಓಲೆಯ ಕೊಡೆ. ಸುತ್ತ ಕೆಲವು ಸೈನಿಕರು. ನಲವತ್ತರ ಸುಮಾರು ವಯಸ್ಸು, ದಪ್ಪ ಮೈ, ಕಪ್ಪು ಬಣ್ಣ. ಗದ್ದೆಗೆ ನೀರು ಹರಿಸಲು ತೋಡುತ್ತಿದ್ದ ನಾಲೆಯನ್ನು ನೋಡಲು ಹೊರಟಿದ್ದಳು. ನೋಡಲು ರಾಣಿಗಿಂತ ಅಡಿಗೆಮನೆಯ ಕೊಳಕು ಹೆಣ್ಣಾಳಿನ ಹಾಗೆ, ಬಟ್ಟೆ ಒಗೆಯುವವಳ ಹಾಗೆ ಕಾಣುತ್ತಿದ್ದಳು ಎಂದು ಬರೆದ. ಮಾತು ಕೇಳಿದ ಮೇಲೆ, ಮಾತಿನಲ್ಲಿ ಮಾತ್ರ ವಿವೇಕಿಯಾದ ರಾಣಿಯೇ ಎಂದೂ ಬರೆದ.

ಹೀಗಳೆಯಲೆಂದೇ ಬರೆದ ಸಾಲು ಅದು. ಆದರೆ ನನಗೆ ಅಬ್ಬಕ್ಕನ ಫೋಟೋ ಅಂತ ಒಂದು ಇದ್ದರೆ ಅದು ಇದೇ. ಉಳ್ಳಾಲದಲ್ಲಿ ಅಬ್ಬಕ್ಕನ ಪ್ರತಿಮೆಯಿದೆ. 2012ರಲ್ಲಿ ಕರಾವಳಿ ರಕ್ಷಣಾ ಪಡೆಯ ಗಸ್ತು ಹಡಗೊಂದಕ್ಕೆ ರಾಣಿ ಅಬ್ಬಕ್ಕನ ಹೆಸರಿಟ್ಟರು. ಎಲ್ಲ ಸಂತೋಷವೇ. ಶಾಲೆಯ ವೇಷದ ಸ್ಪರ್ಧೆಗಳಲ್ಲಿ ಅಬ್ಬಕ್ಕನಾಗುವ ಹುಡುಗಿಗೆ ನಾವು ಜರಿ ಸೀರೆ ಉಡಿಸಿ, ಕಿರೀಟವಿಟ್ಟು, ರಟ್ಟಿನ ಕತ್ತಿ ಕೊಡುತ್ತೇವೆ. ಕೊಡೆ ಕೊಟ್ಟು, ಕಾಲಿಗೆ ಕೆಸರು ಹಚ್ಚಿ, ನಾಲೆಯ ಬದುವಿನ ಮೇಲೆ ನಿಲ್ಲಿಸಿದವರನ್ನು ನಾನು ಕಂಡಿಲ್ಲ. ಹೆಂಗಸು ಚರಿತ್ರೆಗೆ ಸೇರಬೇಕಾದರೆ ಕತ್ತಿ ಹಿಡಿಯಬೇಕು, ಇಲ್ಲವೇ ಬೆಂಕಿಗೆ ಬೀಳಬೇಕು ಎಂದಾದರೆ ಉಳಿದವರೆಲ್ಲ ಎಲ್ಲಿ ಹೋಗಬೇಕು? ನೀರು ಎಲ್ಲಿಯವರೆಗೆ ಬಂತು ಎಂದು ನೋಡಲು ಬಿಸಿಲಿನಲ್ಲಿ ಹೊರಟ ರಾಣಿಯೂ ಆಳುತ್ತಲೇ ಇದ್ದಳು.

ಬೀದಿಯಲ್ಲೇ ನಿಂತು ಅವಳು ಅವನನ್ನು ವಿಚಾರಿಸಿದಳು. ತುರ್ಕರ ದೇಶ ಹೇಗಿದೆ, ಪರ್ಷಿಯ ಹೇಗಿದೆ, ಮೊಗಲರು ಹೇಗೆ ಎಂದೆಲ್ಲ ಕೇಳಿ, ಆಮೇಲೆ, ನೀನು ಊರು ಬಿಟ್ಟು ಹೀಗೆ ಅಲೆಯುತ್ತಿರುವುದು ಯಾರ ಮೇಲಿನ ಪ್ರೀತಿಯಿಂದಲೋ, ಬೇಕಾದವರು ಯಾರಾದರೂ ಸತ್ತರೋ ಎಂದು ಕೇಳಿದಳು. ನಾಲೆ ನೋಡಲು ಹೊರಟವಳು ಮನುಷ್ಯನ ಮುಖವನ್ನೂ ನೋಡಿದ್ದಳು. ಅವನು ಯೌವನದ ಕಥೆಯನ್ನು ಮುಚ್ಚಿಟ್ಟ; ದೇಶ ನೋಡುವ ಆಸೆ ಎಂದ; ಆಮೇಲೆ, ಹೆಂಡತಿ ತೀರಿಕೊಂಡಳು, ಉಡುಪಿನಲ್ಲಿ ಕಾಣದಿದ್ದರೂ ಮನಸ್ಸಿನಲ್ಲಿ ಶೋಕವಿದೆ ಎಂದು ಹೇಳಿದ. ಹತ್ತು ವರ್ಷದ ತಿರುಗಾಟದಲ್ಲಿ ಎಷ್ಟೋ ಅರಸರನ್ನು ಕಂಡವನು. ಇಂಡಿಯಾದಲ್ಲಿ ಅವನು ಭೇಟಿಯಾದ ದೊರೆಗಳಲ್ಲಿ ಈ ಪ್ರಶ್ನೆ ಕೇಳಿದವಳು ಇವಳೊಬ್ಬಳೇ ಎಂದು ನನ್ನ ಓದಿಗೆ ತೋರುತ್ತದೆ.

ಮಳಲಿಯಲ್ಲಿ ಬಸ್ಸಿಳಿದಾಗ ಹತ್ತೂವರೆ ಗಂಟೆ. ರಾಣಿಯ ಅರಮನೆ ಎಲ್ಲಿತ್ತು ಎಂದು ಕೇಳಿದ್ದಕ್ಕೆ ಅಂಗಡಿಯವರು ಒಂದು ಕಡೆ ಕೈತೋರಿಸಿದರು, ಆಟೋದವರು ಇನ್ನೊಂದು ಕಡೆ. ನಾವು ಎರಡನ್ನೂ ಬಿಟ್ಟು ಇಳಿಜಾರಿನ ಗದ್ದೆಯ ದಾರಿ ಹಿಡಿದೆವು. ಒಂದು ತೋಟದ ಅಂಚಿನಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬರು ಸೀರೆ ಎತ್ತಿ ಕಟ್ಟಿ, ಹಾರೆಯಲ್ಲಿ ಕಾಲುವೆಯ ಮಣ್ಣು ಕೆತ್ತಿ ನೀರು ತಿರುಗಿಸುತ್ತಿದ್ದರು. ನಮ್ಮನ್ನು ಕಂಡು ಕೆಲಸ ನಿಲ್ಲಿಸಿ, "ಎಲ್ಲಿಂದ ಬಂದದ್ದು? ಗಂಡಸರು ಯಾರೂ ಬರ್ಲಿಲ್ವಾ?" ಎಂದು ಕೇಳಿದರು.

ಸಾಮಾನ್ಯವಾಗಿ ಇಂಥ ಪ್ರಶ್ನೆಗೆ ಉತ್ತರ ನನ್ನದು. ಆ ದಿನ ನಾನು ಬಾಯಿ ತೆರೆಯುವ ಮೊದಲೇ ನಾದಿನಿ, "ನಮ್ಮವರು ತೀರಿಕೊಂಡರು. ಎರಡೂವರೆ ವರ್ಷ ಆಯ್ತು. ಇವರು ನಮ್ಮ ಅತ್ತಿಗೆ. ಊರು ನೋಡಲಿಕ್ಕೆ ಬಂದೆವು" ಎಂದಳು. ಆ ಮಾತು ಅವಳ ಬಾಯಿಂದ ಹೊರಗಿನವರ ಮುಂದೆ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ಹೆಂಗಸು ಅಯ್ಯೋ ಪಾಪ ಎನ್ನಲಿಲ್ಲ. ಹಾರೆ ಊರಿಕೊಂಡು, "ನಮ್ಮವರು ಹೋಗಿ ಹನ್ನೊಂದು" ಎಂದರು. "ಬನ್ನಿ, ಬಿಸಿಲಲ್ಲಿ ನಿಲ್ಲಬೇಡಿ. ನೀರು ಆ ತುದಿಗೆ ಮುಟ್ಟಿತಾ ನೋಡಿ ಬರ್ತೇನೆ, ಮತ್ತೆ ಮಜ್ಜಿಗೆ ಕೊಡ್ತೇನೆ."

ನಾದಿನಿ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು, ಅವರ ಹಿಂದೆಯೇ ಕಾಲುವೆಯ ಬದುವಿನ ಮೇಲೆ ಹೊರಟಳು. ಇಬ್ಬರೂ ಮಾತಾಡುತ್ತ ಅಡಿಕೆ ಮರಗಳ ನಡುವೆ ಹೋದರು. ಅವರ ಬೆನ್ನಿನ ಒಂದು ಚಿತ್ರ ತೆಗೆದೆ. ಬೆಳಕು ಎದುರಿಗಿತ್ತು, ಮುಖ ಯಾರದೂ ಕಾಣುವುದಿಲ್ಲ. ಆ ವರ್ಷ ತೆಗೆದ ಎರಡು ಸಾವಿರ ಚಿತ್ರಗಳಲ್ಲಿ ಅತ್ತೆಯವರು ಕೇಳಿ ಇಟ್ಟುಕೊಂಡದ್ದು ಅದೊಂದನ್ನೇ.